ವಿಜ್ಞಾನ ವಿಹಾರ: ಎಲುಬಿನ ನೆರಳಿಗೆ ಬಣ್ಣ

ಹಳೆಯ ಮನೆಗಳ ನಡುಮನೆಯ ಗೋಡೆಯಲ್ಲಿ ಮದುವೆಯ ಛಾಯಾಚಿತ್ರವೊಂದು ತೂಗುತ್ತಿರುವುದು ಸಾಮಾನ್ಯ. ವರನ ಪೇಟ, ವಧುವಿನ ಬಾಸಿಂಗ, ಧಾರೆಯ ಸೀರೆಯ ಅಂಚು ಎಲ್ಲವೂ ಅದರಲ್ಲಿ ಚೆನ್ನಾಗಿಯೇ ಮೂಡಿರುತ್ತವೆ. ಆದರೆ ಮೊಮ್ಮಗಳು ಬಂದು, “ಅಜ್ಜಿ, ನಿನ್ನ ಧಾರೆ ಸೀರೆ ಯಾವ ಬಣ್ಣದ್ದು?” ಎಂದು ಕೇಳಿದರೆ ಉತ್ತರವನ್ನು ಅಜ್ಜಿಯೇ ಕೊಡಬೇಕಲ್ಲದೆ ಚಿತ್ರ ಕೊಡಲಾರದು. ಕೆಂಪು ಸೀರೆಯೂ ಹಸುರು ಸೀರೆಯೂ ಕಪ್ಪುಬಿಳುಪಿನ ಚಿತ್ರದಲ್ಲಿ ಒಂದೇ ಬೂದಿಯ ಬಣ್ಣಕ್ಕೆ ಇಳಿದುಬಿಡಬಹುದು. ಛಾಯಾಗ್ರಾಹಕನ ಎದುರಿಗೆ ಬಣ್ಣವಿರಲಿಲ್ಲವೆಂದಲ್ಲ. ಬಣ್ಣವನ್ನು ಹಿಡಿದಿಡುವ ಶಕ್ತಿ ಅವನ ಫಲಕಕ್ಕೆ ಇರಲಿಲ್ಲ.

ಆಸ್ಪತ್ರೆಗಳಲ್ಲಿ ತೆಗೆಯುವ ಕ್ಷ-ಕಿರಣ ಚಿತ್ರದ ಕಥೆಯೂ ಬಹುಮಟ್ಟಿಗೆ ಇದೇ. ಎಕ್ಸ್-ರೇ ಎಂದೊಡನೆ ಕಣ್ಣ ಮುಂದೆ ಬರುವುದು ಕಪ್ಪು ಹಾಳೆಯ ಮೇಲಿನ ಬೆಳ್ಳನೆಯ ಎಲುಬು. ಈ ಕಿರಣಗಳಿಗೆ ಬಣ್ಣವೆಂಬುದೇ ಇಲ್ಲವೆಂದೂ ಅವುಗಳ ಚಿತ್ರ ಕಪ್ಪುಬಿಳುಪಾಗಿಯೇ ಇರತಕ್ಕದ್ದೆಂದೂ ಎಷ್ಟೋ ಮಂದಿ ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಂಪು, ಹಳದಿ, ನೀಲಿ ಇರುವಂತೆಯೇ ಕ್ಷ-ಕಿರಣಗಳಲ್ಲಿಯೂ ಮೃದು, ಕಠಿಣ ಎಂಬ ತರತಮಗಳಿವೆ. ಅವೇ ಆ ಕಿರಣಗಳ ‘ಬಣ್ಣ’ಗಳು. 1895ರಿಂದ ಮೊದಲ್ಗೊಂಡು ಆಸ್ಪತ್ರೆಗಳಲ್ಲಿ ತೆಗೆದ ಬಹುತೇಕ ಚಿತ್ರಗಳು ಈ ಬಣ್ಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟುಬಂದಿವೆ. ಬಿಟ್ಟುದು ಕಿರಣದ ದೋಷದಿಂದಲ್ಲ; ಕಿರಣವನ್ನು ಬರಮಾಡಿಕೊಳ್ಳುವ ತೆರೆಯ ದೋಷದಿಂದ. ಆ ತೆರೆಯನ್ನೇ ತಿದ್ದುವ ಕೆಲಸ ಈಗ ನಾನಾ ದೇಶಗಳ ಪ್ರಯೋಗಶಾಲೆಗಳಲ್ಲಿ ಭರದಿಂದ ಸಾಗಿದೆ.

ಮೊದಲು ಕಂಡದ್ದು ಹೊಳಪು

ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್ 8ರ ಸಂಜೆ ಕತ್ತಲೆಯ ಕೋಣೆಯೊಂದರಲ್ಲಿ ನಿರ್ವಾತ ನಳಿಗೆಯ ಮೂಲಕ ವಿದ್ಯುತ್ತನ್ನು ಹಾಯಿಸುತ್ತಿದ್ದನು. ನಳಿಗೆಯನ್ನು ಕರಿಯ ರಟ್ಟಿನಿಂದ ಮುಚ್ಚಿದ್ದುದರಿಂದ ಅದರೊಳಗಿನ ಬೆಳಕು ಹೊರಬೀಳುವಂತಿರಲಿಲ್ಲ. ಆದರೂ ಸ್ವಲ್ಪ ದೂರದಲ್ಲಿದ್ದ ಕಾಗದವೊಂದು ಮಿನುಗತೊಡಗಿತು. ಆ ಕಾಗದಕ್ಕೆ ಬೇರಿಯಂ ಪ್ಲಾಟಿನೊಸಯನೈಡ್ ಎಂಬ ಲವಣವನ್ನು ಬಳಿದಿದ್ದಿತು. ನಳಿಗೆಯನ್ನು ಆರಿಸಿದರೆ ಹೊಳಪು ಆರುತ್ತಿತ್ತು. ಹೊತ್ತಿಸಿದರೆ ಮರಳಿ ಬರುತ್ತಿತ್ತು. ಏಳು ವಾರಗಳ ಕಾಲ ರಾಂಟ್‌ಜೆನ್ ಊಟ ನಿದ್ರೆಗಳ ಗೊಡವೆಯನ್ನು ಕಡಿಮೆಮಾಡಿ ಅದರ ಹಿಂದೆ ಬಿದ್ದನು. ಕಿರಣ ಯಾವುದೆಂದು ತಿಳಿಯದ ಕಾರಣ ಬೀಜಗಣಿತದ ಅಜ್ಞಾತ ರಾಶಿಯ ಗುರುತಾದ ಎಕ್ಸ್ ಅಕ್ಷರವನ್ನೇ ಅದಕ್ಕೆ ಹೆಸರಿಟ್ಟನು. ಕನ್ನಡದಲ್ಲಿ ಅದು ‘ಕ್ಷ’ ಆಯಿತು.

ಡಿಸೆಂಬರ್ 22ರಂದು ಹೆಂಡತಿ ಬರ್ತಾಳ ಕೈಯನ್ನು ಕಿರಣದ ಎದುರಿಗೆ ಇರಿಸಿ ಅವನು ತೆಗೆದ ಚಿತ್ರವು ಇಂದಿಗೂ ಪ್ರಸಿದ್ಧ: ಬೆರಳಿನ ಎಲುಬುಗಳು, ಒಂದು ಬೆರಳಿನಲ್ಲಿ ಕಪ್ಪಾಗಿ ನಿಂತ ಉಂಗುರ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ರಾಂಟ್‌ಜೆನ್ನನಿಗೆ ದೊರೆಯಿತು. ಆ ಹಣವನ್ನು ಅವನು ತನ್ನ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟನು. ತನ್ನ ಶೋಧದ ಮೇಲೆ ಪೇಟೆಂಟ್ ಹಕ್ಕನ್ನೂ ಪಡೆಯಲಿಲ್ಲ.

ಇಲ್ಲಿ ಗಮನಿಸಬೇಕಾದುದು ಇಷ್ಟು. ರಾಂಟ್‌ಜೆನ್ ಕಂಡದ್ದು ಕಿರಣವನ್ನಲ್ಲ, ಲವಣದ ಹೊಳಪನ್ನು. ಕಾಣದ ಕಿರಣವನ್ನು ನುಂಗಿ ಕಾಣುವ ಬೆಳಕನ್ನು ಉಗುಳುವ ಇಂಥ ಪದಾರ್ಥಗಳನ್ನು ಶಾಸ್ತ್ರಜ್ಞರು ‘ಸಿಂಟಿಲೇಟರ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಮಿನುಗುವಸ್ತು ಎನ್ನಬಹುದು. ಕ್ಷ-ಕಿರಣದ ಇತಿಹಾಸವನ್ನು ಬರೆಯುವವರು ನಳಿಗೆಗೆ ಕೊಡುವಷ್ಟು ಗೌರವವನ್ನು ಈ ಲವಣಗಳಿಗೆ ಕೊಡುವುದಿಲ್ಲ. ಇದು ಅನ್ಯಾಯ. ಮಿನುಗುವಸ್ತು ಸುಧಾರಿಸಿದಂತೆಲ್ಲ ರೋಗಿಯ ಮೈಮೇಲೆ ಬೀಳುವ ಕಿರಣ ಕಡಿಮೆಯಾಗುತ್ತ ಬಂದಿದೆ.

ಅಮೆರಿಕದ ಥಾಮಸ್ ಎಡಿಸನ್ ಈ ಗುಟ್ಟನ್ನು ಬೇಗ ಹಿಡಿದನು. 1896ರ ಆರಂಭದಲ್ಲಿಯೇ ಅವನ ಕಾರ್ಯಾಗಾರದಲ್ಲಿ ರಾಶಿ ರಾಶಿ ಲವಣಗಳನ್ನು ಕಿರಣದ ಎದುರಿಗೆ ಹಿಡಿದು ಯಾವುದು ಹೆಚ್ಚು ಹೊಳೆಯುವುದೆಂದು ನೋಡಿದರು. ಗೆದ್ದುದು ಕ್ಯಾಲ್ಸಿಯಂ ಟಂಗ್‌ಸ್ಟೇಟ್. ನೀಲಿಯಾಗಿ ಹೊಳೆಯುವ ಆ ಪುಡಿಯನ್ನು ಬಳಿದ ತೆರೆಗಳು ಮುಂದೆ ಮುಕ್ಕಾಲು ಶತಮಾನದ ಕಾಲ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದವು. ಛಾಯಾಚಿತ್ರದ ಫಿಲ್ಮು ಬರಿಯದಾಗಿದ್ದರೆ ತನ್ನ ಮೇಲೆ ಬಿದ್ದ ಕ್ಷ-ಕಿರಣಗಳಲ್ಲಿ ನೂರಕ್ಕೆ ಒಂದರಷ್ಟನ್ನೂ ಹಿಡಿಯುವುದು ಕಷ್ಟ. ಫಿಲ್ಮಿಗೆ ಒತ್ತಿ ಈ ತೆರೆಯನ್ನಿಟ್ಟರೆ ಒಂದೊಂದು ಕಿರಣಕಣವೂ ನೂರಾರು ಬೆಳಕಿನ ಕಣಗಳಾಗಿ ಸಿಡಿಯುತ್ತದೆ. ಫಿಲ್ಮಿಗೆ ಅದು ಸುಲಭದ ತುತ್ತು. ನಿಮಿಷಗಟ್ಟಲೆ ಕೈಯನ್ನು ಅಲುಗಾಡಿಸದೆ ಇಡಬೇಕಾಗಿದ್ದ ಕಾಲ ಹೋಗಿ ಕ್ಷಣಗಳಲ್ಲಿ ಚಿತ್ರ ಬರುವ ಕಾಲ ಬಂದುದು ಹೀಗೆ.

ಆ ಕಾರ್ಯಾಗಾರದಲ್ಲಿ ಕ್ಲಾರೆನ್ಸ್ ಡ್ಯಾಲಿ ಎಂಬ ಗಾಜು ಊದುವ ಕುಶಲಿಯೊಬ್ಬನಿದ್ದನು. ನಳಿಗೆ ಸರಿಯಾಗಿದೆಯೇ ಎಂದು ನೋಡಲು ತನ್ನ ಕೈಯನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡುವುದು ಅವನ ಕೆಲಸವಾಗಿತ್ತು. ಕೈ ಹುಣ್ಣಾಯಿತು, ಹುಣ್ಣು ಅರ್ಬುದವಾಯಿತು, ಎರಡು ತೋಳುಗಳನ್ನೂ ಕತ್ತರಿಸಬೇಕಾಯಿತು. 1904ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅವನು ತೀರಿಕೊಂಡನು. ಎಡಿಸನ್ ಕ್ಷ-ಕಿರಣದ ಕೆಲಸವನ್ನೇ ಕೈಬಿಟ್ಟನು. ಕಡಿಮೆ ಕಿರಣದಲ್ಲಿ ಹೆಚ್ಚು ಚಿತ್ರ ಎಂಬ ಮಾತು ಮಿತವ್ಯಯದ ಮಾತಲ್ಲ. ಅದಕ್ಕೆ ತೆತ್ತ ಬೆಲೆ ಇಂಥದು.

ಕಾಣದ ಕಿರಣಕ್ಕೆ ಬಣ್ಣವೆಲ್ಲಿಂದ?

ಕೆಂಪು ಬೆಳಕಿಗೂ ನೀಲಿ ಬೆಳಕಿಗೂ ಇರುವ ಭೇದ ಶಕ್ತಿಯ ಭೇದ. ಬೆಳಕಿನ ಒಂದು ಕಣದ ಶಕ್ತಿ ಸುಮಾರು ಎರಡು ಮೂರು ಎಲೆಕ್ಟ್ರಾನ್ ವೋಲ್ಟ್. ಆಸ್ಪತ್ರೆಯ ಕ್ಷ-ಕಿರಣದ ಕಣಗಳದ್ದಾದರೋ 20 ಸಾವಿರದಿಂದ 120 ಸಾವಿರದವರೆಗೆ. ನಳಿಗೆಯಿಂದ ಹೊರಡುವ ಕಿರಣ ಒಂದೇ ಶಕ್ತಿಯದಲ್ಲ. ಬಿಸಿಲಿನಲ್ಲಿ ಏಳು ಬಣ್ಣಗಳು ಬೆರೆತಿರುವಂತೆ ಅದರಲ್ಲಿ ಮೃದುವಾದವೂ ಕಠಿಣವಾದವೂ ಬೆರೆತಿರುತ್ತವೆ. ಮೃದು ಕಿರಣಗಳು ಮಾಂಸದಲ್ಲಿಯೇ ಬಹುಪಾಲು ನಿಂತುಹೋಗುತ್ತವೆ; ಕಠಿಣವಾದವು ಎಲುಬನ್ನೂ ದಾಟಿ ಹೋಗಬಲ್ಲವು.

ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಬಾರ್ಕ್ಲಾ ಒಂದು ಸೋಜಿಗವನ್ನು ತೋರಿಸಿಕೊಟ್ಟನು. ಕ್ಷ-ಕಿರಣ ತಾಗಿದ ಪ್ರತಿಯೊಂದು ಧಾತುವೂ ತನಗೇ ವಿಶಿಷ್ಟವಾದ ಕ್ಷ-ಕಿರಣವನ್ನು ಹೊರಸೂಸುತ್ತದೆ. ತಾಮ್ರಕ್ಕೆ ತಾಮ್ರದ್ದು, ಬೆಳ್ಳಿಗೆ ಬೆಳ್ಳಿಯದು. 1917ರ ನೊಬೆಲ್ ಬಹುಮಾನ ಅವನದಾಯಿತು. ಹೆನ್ರಿ ಮೋಸ್ಲಿ ಎಂಬ ತರುಣ 1913ರಲ್ಲಿ ಆ ಕಿರಣಗಳ ಆವರ್ತನಕ್ಕೂ ಧಾತುವಿನ ಕ್ರಮಸಂಖ್ಯೆಗೂ ನೇರ ಸಂಬಂಧವಿದೆಯೆಂದು ಸಿದ್ಧಮಾಡಿದನು. ಎರಡು ವರ್ಷ ಕಳೆಯುವುದರೊಳಗೆ ಗ್ಯಾಲಿಪೋಲಿಯ ಯುದ್ಧಭೂಮಿಯಲ್ಲಿ ಗುಂಡಿಗೆ ಬಲಿಯಾದ ಮೋಸ್ಲಿಗೆ ಆಗ 27 ವರ್ಷ.

ಧಾತುಗಳು ಕಿರಣವನ್ನು ನುಂಗುವ ರೀತಿಯೂ ಬೇರೆ ಬೇರೆ. ರಕ್ತನಾಳಗಳನ್ನು ತೋರಿಸಲು ವೈದ್ಯರು ಚುಚ್ಚುವ ಔಷಧದಲ್ಲಿರುವ ಅಯೊಡಿನ್, 33.2 ಸಾವಿರ ಎಲೆಕ್ಟ್ರಾನ್ ವೋಲ್ಟನ್ನು ಮುಟ್ಟಿದೊಡನೆ ಕಿರಣವನ್ನು ಹಠಾತ್ತನೆ ಹೆಚ್ಚಾಗಿ ನುಂಗತೊಡಗುತ್ತದೆ. ಗಡೊಲಿನಿಯಂಗೆ ಆ ಮೆಟ್ಟಿಲು 50.2 ಸಾವಿರದಲ್ಲಿ, ಚಿನ್ನಕ್ಕೆ 80.7 ಸಾವಿರದಲ್ಲಿ. ಮೆಟ್ಟಿಲು ಎಲ್ಲಿದೆಯೆಂದು ಗೊತ್ತುಮಾಡಿಕೊಂಡರೆ ಧಾತುವಿನ ಹೆಸರೇ ಗೊತ್ತಾದಂತೆ.

ಇಷ್ಟೆಲ್ಲ ಸುದ್ದಿಯನ್ನು ಹೊತ್ತು ದೇಹದಿಂದ ಹೊರಬಂದ ಕಿರಣವು ತೆರೆಯ ಮೇಲೆ ಬಿದ್ದಾಗ ಆಗುವುದೇನು? ದೇವಸ್ಥಾನದ ಹುಂಡಿಯಲ್ಲಿ ಆಗುವುದೇ ಆಗುತ್ತದೆ. ಸಂಜೆ ಲೆಕ್ಕ ಬರೆಯುವ ಶಾನುಭೋಗರಿಗೆ ಒಟ್ಟು ಮೊತ್ತ ತಿಳಿಯುವುದೇ ಹೊರತು, ನೂರು ಮಂದಿ ಒಂದೊಂದು ರೂಪಾಯಿ ಹಾಕಿದರೋ ಒಬ್ಬನೇ ಸಾಹುಕಾರ ನೂರು ರೂಪಾಯಿ ಹಾಕಿದನೋ ಎಂಬುದು ಆ ಮೊತ್ತದಿಂದ ತಿಳಿಯದು. ತೆರೆಯೂ ಅಷ್ಟೇ. ಹಲವು ಮೃದು ಕಣಗಳ ಹೊಳಪೂ ಕೆಲವೇ ಕಠಿಣ ಕಣಗಳ ಹೊಳಪೂ ಸೇರಿ ಒಂದೇ ಬೂದುಬಣ್ಣವಾಗುತ್ತದೆ. ತೆಳ್ಳನೆಯ ಎಲುಬೂ ದಪ್ಪನೆಯ ಮಾಂಸವೂ ಒಂದರಂತೆ ಇನ್ನೊಂದು ಕಾಣುವುದು ಇದರಿಂದಲೇ.

ಕಲ್ಲು ಯಾವ ಕಲ್ಲು?

ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ದೇಹದ ಒಳಭಾಗವನ್ನು ಹೋಳು ಹೋಳಾಗಿ ತೋರಿಸುವ ಸಿ.ಟಿ. ಯಂತ್ರವನ್ನು ನಿರ್ಮಿಸಿದುದೂ, 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದುದೂ ಈಗ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ. 1973ರಲ್ಲಿ ತನ್ನ ಯಂತ್ರವನ್ನು ವರ್ಣಿಸಿ ಬರೆದ ಲೇಖನದಲ್ಲಿ ಅವನು, ಒಂದೇ ಭಾಗವನ್ನು 100 ಸಾವಿರ ವೋಲ್ಟಿನಲ್ಲಿ ಒಮ್ಮೆ, 140 ಸಾವಿರ ವೋಲ್ಟಿನಲ್ಲಿ ಇನ್ನೊಮ್ಮೆ ಚಿತ್ರಿಸಿ ಹೋಲಿಸಿದರೆ ಅಯೊಡಿನ್ನನ್ನೂ ಕ್ಯಾಲ್ಸಿಯಮನ್ನೂ ಬೇರೆಯಾಗಿ ಗುರುತಿಸಬಹುದೆಂದು ಸೂಚಿಸಿದ್ದನು. ಎರಡು ಅಜ್ಞಾತಗಳಿದ್ದರೆ ಎರಡು ಸಮೀಕರಣಗಳು ಬೇಕೆಂಬುದು ಪ್ರೌಢಶಾಲೆಯ ಬೀಜಗಣಿತ. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಆಲ್ವಾರೆಜ್ ಮತ್ತು ಮಕೋವ್‌ಸ್ಕಿ ಎಂಬ ವಿಜ್ಞಾನಿಗಳು ಆ ಗಣಿತವನ್ನು ಕ್ರಮವಾಗಿ ಬಿಡಿಸಿ ತೋರಿಸಿದರು. ಆದರೆ ಅಂದಿನ ಯಂತ್ರಗಳು ನಿಧಾನ. ಎರಡು ಚಿತ್ರಗಳ ನಡುವೆ ರೋಗಿ ಒಂದು ಸಲ ಉಸಿರಾಡಿದರೂ ಸಾಕು, ಲೆಕ್ಕ ಕೆಡುತ್ತಿತ್ತು. ಈ ಉಪಾಯವು ಆಸ್ಪತ್ರೆಯ ನಿತ್ಯದ ಕೆಲಸಕ್ಕೆ ಒದಗಿದುದು ಮೂವತ್ತು ವರ್ಷಗಳ ಅನಂತರ, 2006ರ ಸುಮಾರಿಗೆ ಎರಡು ನಳಿಗೆಗಳ ಯಂತ್ರಗಳು ಬಂದಾಗ.

ಇದರ ಪ್ರಯೋಜನವನ್ನು ತಿಳಿಯಬೇಕಾದರೆ ಮೂತ್ರಪಿಂಡದ ಕಲ್ಲಿನ ಉದಾಹರಣೆಯನ್ನು ತೆಗೆದುಕೊಳ್ಳಬೇಕು. ಅರ್ಧರಾತ್ರಿಯಲ್ಲಿ ಸೊಂಟದಿಂದ ತೊಡೆಸಂದಿಗೆ ಇಳಿದು ಬರುವ ಆ ನೋವನ್ನು ಕಂಡವರು ಇಲ್ಲದ ಮನೆಗಳು ಕಡಿಮೆ. ಕಲ್ಲು ಎಂಬ ಮಾತು ಒಂದೇ ಆದರೂ ಅದರಲ್ಲಿ ಹಲವು ಜಾತಿಗಳಿವೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಇನ್ನು ಕೆಲವು ಯೂರಿಕ್ ಆಮ್ಲದವು. ಮೊದಲನೆಯದು ಔಷಧಕ್ಕೆ ಕರಗುವ ಜಾತಿಯಲ್ಲ. ತಾನಾಗಿ ಹೊರಬೀಳುವಷ್ಟು ಚಿಕ್ಕದಲ್ಲದಿದ್ದರೆ ಅದನ್ನು ಒಡೆಯಬೇಕು, ಇಲ್ಲವೆ ಉಪಕರಣವನ್ನು ಒಳಬಿಟ್ಟು ತೆಗೆಯಬೇಕು. ಎರಡನೆಯದನ್ನಾದರೋ, ಮೂತ್ರದ ಹುಳಿಯನ್ನು ತಗ್ಗಿಸುವ ಪೊಟಾಸಿಯಂ ಸಿಟ್ರೇಟಿನಂಥ ಔಷಧವನ್ನು ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟು, ಧಾರಾಳವಾಗಿ ನೀರು ಕುಡಿಸಿ, ಅನೇಕ ವೇಳೆ ಕರಗಿಸಿಬಿಡಬಹುದು. ಒಬ್ಬನು ಶಸ್ತ್ರವೈದ್ಯನ ಮೇಜಿಗೆ ಹೋಗಬೇಕು. ಇನ್ನೊಬ್ಬನು ಮನೆಯಲ್ಲಿಯೇ ಗುಣವಾಗಬಹುದು. ಇಬ್ಬರ ನೋವೂ ಒಂದೇ.

ಸಾದಾ ಎಕ್ಸ್-ರೇ ಚಿತ್ರದಲ್ಲಿ ಯೂರಿಕ್ ಆಮ್ಲದ ಕಲ್ಲು ಕಾಣುವುದೇ ಇಲ್ಲ. ಅದರಲ್ಲಿರುವುದು ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ ಎಂಬ ಹಗುರ ಧಾತುಗಳು ಮಾತ್ರ. ಸಾಮಾನ್ಯ ಸಿ.ಟಿ. ಚಿತ್ರದಲ್ಲಿ ಎರಡು ಜಾತಿಯೂ ಬಿಳಿಯ ಚುಕ್ಕೆಗಳಾಗಿ ಕಾಣುತ್ತವೆ, ಆದರೆ ಯಾವುದು ಯಾವುದೆಂದು ನಿಶ್ಚಯವಾಗಿ ಹೇಳುವುದು ಕಷ್ಟ. ಎರಡು ಶಕ್ತಿಗಳಲ್ಲಿ ಚಿತ್ರಿಸಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಕ್ಯಾಲ್ಸಿಯಂ ಇರುವ ಕಲ್ಲು ಮೃದು ಕಿರಣದಲ್ಲಿ ಬಹಳ ಬೆಳ್ಳಗೆ, ಕಠಿಣ ಕಿರಣದಲ್ಲಿ ಮಂಕಾಗಿ ತೋರುತ್ತದೆ. ಯೂರಿಕ್ ಆಮ್ಲದ ಕಲ್ಲು ಎರಡರಲ್ಲಿಯೂ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ. ಗಣಕಯಂತ್ರವು ಈ ಅಂತರವನ್ನು ಅಳೆದು ಒಂದಕ್ಕೆ ನೀಲಿಯನ್ನೂ ಇನ್ನೊಂದಕ್ಕೆ ಕೆಂಪನ್ನೂ ಬಳಿಯುತ್ತದೆ. ಹೆಬ್ಬೆರಳಿನ ಕೀಲನ್ನು ಬಾಧಿಸುವ ಗೌಟ್ ರೋಗದಲ್ಲಿಯೂ, ಕೀಲಿನಲ್ಲಿ ಕುಳಿತ ಯೂರೇಟ್ ಹರಳುಗಳನ್ನು ಇದೇ ರೀತಿ ಸೂಜಿ ಚುಚ್ಚದೆ ಬಣ್ಣದಿಂದ ಗುರುತಿಸುತ್ತಾರೆ.

ವಿಮಾನ ನಿಲ್ದಾಣದ ಪೆಟ್ಟಿಗೆ

ಬಣ್ಣದ ಕ್ಷ-ಕಿರಣ ಚಿತ್ರವನ್ನು ಆಸ್ಪತ್ರೆಯಲ್ಲಿ ಕಾಣದವರೂ ವಿಮಾನ ನಿಲ್ದಾಣದಲ್ಲಿ ಕಂಡಿರುತ್ತಾರೆ. ಪ್ರಯಾಣಿಕರ ಪೆಟ್ಟಿಗೆಗಳು ಪಟ್ಟಿಯ ಮೇಲೆ ಉರುಳಿ ಯಂತ್ರದೊಳಗೆ ಹೋಗುತ್ತಿರುವಾಗ ಕಾವಲಿನವರ ಮುಂದಿನ ತೆರೆಯ ಮೇಲೆ ಕಿತ್ತಳೆ, ಹಸುರು, ನೀಲಿ ಬಣ್ಣಗಳು ಓಡುತ್ತವೆ. ಬಟ್ಟೆ, ಸಾಬೂನು, ಪುಸ್ತಕ, ತಿಂಡಿ ಮುಂತಾದ ಹಗುರ ಧಾತುಗಳ ವಸ್ತುಗಳು ಕಿತ್ತಳೆ. ಅಲ್ಯುಮಿನಿಯಂ, ಗಾಜುಗಳಂಥವು ಹಸುರು. ಉಕ್ಕು, ತಾಮ್ರ ನೀಲಿ. ಮೈಸೂರುಪಾಕಿನ ಡಬ್ಬವನ್ನು ಬಿಚ್ಚಿ ತೋರಿಸಬೇಕೆಂದು ಕೇಳಿದಾಗ ಅಜ್ಜಿಯರು ಬೇಸರಿಸುವುದುಂಟು. ಒತ್ತಾಗಿ ತುಂಬಿದ ಸಿಹಿಯೂ ಕೆಲವು ಜಾತಿಯ ಸ್ಫೋಟಕಗಳೂ ಅದೇ ಕಿತ್ತಳೆ ಬಣ್ಣದ ಗಟ್ಟಿಗಳಾಗಿ ತೋರುತ್ತವೆಂದು ತಿಳಿದರೆ ಕಾವಲಿನವರ ಮೇಲಿನ ಕೋಪ ಸ್ವಲ್ಪ ತಣ್ಣಗಾದೀತು.

ಆ ಯಂತ್ರದ ಒಳಗೆ ಮಿನುಗುವಸ್ತುವಿನ ಎರಡು ಪದರಗಳಿರುತ್ತವೆ. ಮೇಲಿನದು ತೆಳ್ಳಗೆ, ಮೃದು ಕಿರಣಗಳು ಅದರಲ್ಲಿ ನಿಲ್ಲುತ್ತವೆ. ನಡುವೆ ತಾಮ್ರದ ತಗಡು. ಕೆಳಗಿನದು ದಪ್ಪ; ತಗಡನ್ನೂ ದಾಟಿಬಂದ ಕಠಿಣ ಕಿರಣಗಳಿಗೆ ಅದು ಮೀಸಲು. ರಾಗಿಹಿಟ್ಟನ್ನು ಜರಡಿ ಹಿಡಿಯುವ ಗೃಹಿಣಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಜರಡಿಯಲ್ಲಿ ತರಿ ಮೇಲುಳಿದು ನಯವಾದುದು ಕೆಳಗಿಳಿಯುತ್ತದೆ. ಇಲ್ಲಿ ಮೃದುವಾದುದು ಮೇಲುಳಿದು ಗಟ್ಟಿಯಾದುದು ಕೆಳಗಿಳಿಯುತ್ತದೆ. ಒಂದೇ ಕ್ಷಣದಲ್ಲಿ, ಒಂದೇ ಒಡ್ಡಿಕೆಯಲ್ಲಿ ಎರಡು ಚಿತ್ರಗಳೂ ಸಿಗುವುದರಿಂದ ಪೆಟ್ಟಿಗೆ ಚಲಿಸುತ್ತಿದ್ದರೂ ಬಾಧಕವಿಲ್ಲ. 2010ರ ದಶಕದಲ್ಲಿ ಇದೇ ಉಪಾಯ ಆಸ್ಪತ್ರೆಯ ಕೆಲವು ಸಿ.ಟಿ. ಯಂತ್ರಗಳಿಗೂ ಬಂದಿತು: ಮೇಲೆ ಯಿಟ್ರಿಯಂ ಧಾತುವಿನ ಗಾರ್ನೆಟ್ ಹರಳು, ಕೆಳಗೆ ಗಡೊಲಿನಿಯಂ ಆಕ್ಸಿಸಲ್ಫೈಡ್. ಆದರೆ ಒಂದೊಂದು ಪದರಕ್ಕೂ ಬೆಳಕನ್ನು ಓದುವ ಬೇರೆ ಬೇರೆ ಸಾಧನಗಳು ಬೇಕು. ಅದರಿಂದ ಯಂತ್ರದ ಬೆಲೆಯೂ ಜಟಿಲತೆಯೂ ಹೆಚ್ಚುತ್ತವೆ.

ಹೊಸ ಹರಳುಗಳು

ಮಿನುಗುವಸ್ತುಗಳ ವಂಶಾವಳಿಯಲ್ಲಿ ಎರಡು ಹೆಸರುಗಳನ್ನು ಬಿಡುವಂತಿಲ್ಲ. 1948ರಲ್ಲಿ ಅಮೆರಿಕದ ರಾಬರ್ಟ್ ಹಾಫ್‌ಸ್ಟಾಟರ್, ಸೋಡಿಯಂ ಅಯೊಡೈಡಿಗೆ ಥಾಲಿಯಂ ಧಾತುವನ್ನು ಸಾಸುವೆಯಷ್ಟು ಬೆರೆಸಿದರೆ ಅದು ಅತ್ಯುಜ್ಜ್ವಲವಾಗಿ ಹೊಳೆಯುವುದೆಂದು ಕಂಡುಹಿಡಿದನು. ಹೌನ್ಸ್‌ಫೀಲ್ಡನ ಮೊದಲ ಯಂತ್ರದ ಕಣ್ಣುಗಳು ಈ ಹರಳುಗಳೇ. ಅದರ ದಾಯಾದಿಯಾದ ಸೀಸಿಯಂ ಅಯೊಡೈಡ್ ಇಂದಿನ ಫಿಲ್ಮಿಲ್ಲದ ಎಕ್ಸ್-ರೇ ಫಲಕಗಳಲ್ಲಿದೆ. ಅದನ್ನು ಸಾವಿರಾರು ಸೂಜಿಗಳನ್ನು ಒತ್ತಾಗಿ ನಿಲ್ಲಿಸಿದಂತೆ ಬೆಳೆಸುತ್ತಾರೆ. ಒಂದು ಸೂಜಿಯಲ್ಲಿ ಹುಟ್ಟಿದ ಬೆಳಕು ಬಹುಪಾಲು ಅದೇ ಸೂಜಿಯಲ್ಲಿ ಇಳಿಯುವುದರಿಂದ ಚಿತ್ರ ಮಸುಕಾಗುವುದಿಲ್ಲ.

ಇಷ್ಟರಲ್ಲಿ ಬೇರೊಂದು ಮನೆತನದ ಹರಳುಗಳು ರಂಗಕ್ಕೆ ಬಂದವು. 1839ರಲ್ಲಿ ರಷ್ಯದ ಉರಲ್ ಪರ್ವತಗಳಲ್ಲಿ ದೊರೆತ ಖನಿಜವೊಂದಕ್ಕೆ ಪೆರೋವ್‌ಸ್ಕಿ ಎಂಬ ರಷ್ಯನ್ ಗಣ್ಯನ ನೆನಪಿಗೆ ಪೆರೋವ್‌ಸ್ಕೈಟ್ ಎಂದು ಹೆಸರಿಟ್ಟಿದ್ದರು. ಅದೇ ಕಟ್ಟಡದ ಹರಳುಗಳನ್ನು ಸೀಸಿಯಂ, ಸೀಸ ಹಾಗೂ ಬ್ರೋಮಿನ್ ಧಾತುಗಳಿಂದ ಅತಿ ಸೂಕ್ಷ್ಮ ಗಾತ್ರದಲ್ಲಿ ತಯಾರಿಸುವ ಸುಲಭ ವಿಧಾನವೊಂದನ್ನು 2015ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮಕ್ಸಿಂ ಕೊವಲೆಂಕೊ ಅವರ ತಂಡ ಪ್ರಕಟಿಸಿತು. ಆ ವಿಧಾನ ಒಗ್ಗರಣೆಯನ್ನು ಹೋಲುತ್ತದೆ. ಸೀಸದ ಲವಣ ಕರಗಿದ ಎಣ್ಣೆಯಂಥ ದ್ರವವನ್ನು ಚೆನ್ನಾಗಿ ಕಾಯಿಸಿ, ಅದಕ್ಕೆ ಸೀಸಿಯಮಿನ ದ್ರಾವಣವನ್ನು ಥಟ್ಟನೆ ಸುರಿದು, ಕೆಲವೇ ಕ್ಷಣಗಳಲ್ಲಿ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಇಟ್ಟುಬಿಡುವುದು. ಸಾಸುವೆ ಸೀಯುವ ಮೊದಲೇ ಬಾಣಲೆ ಇಳಿಸಿದಂತೆ. ಆ ಹರಳುಗಳಲ್ಲಿ ಬ್ರೋಮಿನ್ ಇದ್ದರೆ ಹೊಳಪು ಹಸುರು. ಅದರ ಬದಲು ಕ್ಲೋರಿನ್ ಬೆರೆಯುತ್ತ ಹೋದಂತೆ ನೀಲಿಯತ್ತ, ಅಯೊಡಿನ್ ಬೆರೆಯುತ್ತ ಹೋದಂತೆ ಕೆಂಪಿನತ್ತ ಸರಿಯುತ್ತದೆ. ಬಣ್ಣಗಾರನು ಬಟ್ಟಲಿನಲ್ಲಿ ಬಣ್ಣ ಕಲಸುವಂತೆ ಹೊಳಪಿನ ಬಣ್ಣವನ್ನು ಬೇಕಾದಂತೆ ಕಲಸಿಕೊಳ್ಳಬಹುದಾಯಿತು.

2018ರಲ್ಲಿ ಸಿಂಗಪುರದ ಷಿಯಾವೊಗಾಂಗ್ ಲಿಯು ಮತ್ತು ಅವರ ಸಹೋದ್ಯೋಗಿಗಳು ಈ ಹರಳುಗಳ ತೆಳು ಪದರವನ್ನೇ ಕ್ಷ-ಕಿರಣದ ತೆರೆಯಾಗಿ ಬಳಸಿದ ವರದಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೆಕೆಂಡಿಗೆ 13 ನ್ಯಾನೊಗ್ರೇ ಎಂಬಷ್ಟು ಕ್ಷೀಣವಾದ ಕಿರಣವನ್ನೂ ಅದು ಪತ್ತೆಮಾಡಿತು. ಗ್ರೇ ಎಂಬುದು ವಸ್ತುವು ಹೀರಿದ ವಿಕಿರಣದ ಮಾನ. ನ್ಯಾನೊಗ್ರೇ ಅದರ ನೂರು ಕೋಟಿಯಲ್ಲಿ ಒಂದು ಪಾಲು. ವೈದ್ಯಕೀಯ ಚಿತ್ರಕ್ಕೆ ಸಾಮಾನ್ಯವಾಗಿ ಬಳಸುವ ಪ್ರಮಾಣಕ್ಕಿಂತ ಇದು ಸುಮಾರು 400 ಪಟ್ಟು ಕಡಿಮೆಯೆಂದು ಅವರು ತಿಳಿಸಿದರು. ಪತ್ತೆಮಾಡುವುದು ಬೇರೆ, ವೈದ್ಯನು ರೋಗವನ್ನು ಗುರುತಿಸುವಷ್ಟು ಸ್ಪಷ್ಟವಾದ ಚಿತ್ರ ತೆಗೆಯುವುದು ಬೇರೆ. ನಾಳೆಯೇ ಆಸ್ಪತ್ರೆಯಲ್ಲಿ ಕಿರಣದ ಪ್ರಮಾಣ 400 ಪಟ್ಟು ಇಳಿಯುವುದೆಂದು ಯಾರೂ ನಂಬಬೇಕಾಗಿಲ್ಲ. ಹಾಗೆಯೇ ಕಿರಣಕ್ಕೆ ಅತಿಯಾಗಿ ಅಂಜುವುದೂ ಬೇಡ. ಎದೆಯ ಒಂದು ಸಾದಾ ಚಿತ್ರದಿಂದ ದೇಹಕ್ಕೆ ಸೇರುವ ವಿಕಿರಣವು, ಮಣ್ಣು, ಗಾಳಿ, ಆಕಾಶಗಳಿಂದ ವರ್ಷವಿಡೀ ಸಹಜವಾಗಿ ಸೇರುವುದರ ನೂರನೆಯ ಒಂದು ಭಾಗದ ಆಸುಪಾಸು. ಹೊಟ್ಟೆಯ ಸಿ.ಟಿ. ಚಿತ್ರದ ಲೆಕ್ಕ ಬೇರೆ. ಅದು ವರ್ಷದ ಸಹಜ ವಿಕಿರಣದ ಕೆಲವು ಪಟ್ಟು ಆಗಬಹುದು. ಮಕ್ಕಳ ವಿಷಯದಲ್ಲಿ ವೈದ್ಯರು ಹಿಂದೆಮುಂದೆ ನೋಡುವುದು ಅದರಿಂದಲೇ.

ಜರಡಿಯ ಉಪಾಯಕ್ಕೂ ಈ ಬಣ್ಣಗಳಿಗೂ ಗಂಟುಹಾಕಿದಲ್ಲಿ ನಿಜವಾದ ಸ್ವಾರಸ್ಯವಿದೆ. ಒಂದರ ಮೇಲೊಂದು ಇಟ್ಟ ಪದರಗಳಲ್ಲಿ ಮೇಲಿನದು ಒಂದು ಬಣ್ಣದಿಂದಲೂ ನಡುವಿನದು ಮತ್ತೊಂದರಿಂದಲೂ ಕೆಳಗಿನದು ಇನ್ನೊಂದರಿಂದಲೂ ಹೊಳೆಯುವಂತೆ ಮಾಡಿದರೆ ಪದರಕ್ಕೊಂದು ಸಾಧನ ಬೇಕಾಗುವುದಿಲ್ಲ. ಬಣ್ಣದ ಒಂದು ಕ್ಯಾಮೆರಾ ಸಾಕು. ಮೃದು ಕಿರಣದ ಚಿತ್ರ ಒಂದು ಬಣ್ಣದಲ್ಲಿ, ಕಠಿಣ ಕಿರಣದ ಚಿತ್ರ ಇನ್ನೊಂದು ಬಣ್ಣದಲ್ಲಿ ತಾವಾಗಿ ಬೇರ್ಪಟ್ಟು ಬರುತ್ತವೆ. 2022ರಲ್ಲಿ ಚೀನಾದ ಝೇಜಿಯಾಂಗ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂಥ ಪದರಗಳ ತೆರೆಯನ್ನು ನಿರ್ಮಿಸಿ ಒಂದೇ ಒಡ್ಡಿಕೆಯಲ್ಲಿ ಹಲವು ಶಕ್ತಿಗಳ ಚಿತ್ರವನ್ನು ಪಡೆದುದನ್ನು ಪ್ರಕಟಿಸಿದರು. ಕೇಳಲು ಸುಲಭ. ಮಾಡುವಾಗ, ಒಂದು ಪದರದ ಬೆಳಕನ್ನು ಇನ್ನೊಂದು ಪದರ ನುಂಗಬಾರದು. ಪದರಗಳು ಗಾಜಿನಂತೆ ತಿಳಿಯಾಗಿರಬೇಕು. ಹೊಳಪು ತಡಮಾಡದೆ ಆರಬೇಕು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವುದು ಇಂಥ ಕೆಲಸದ ಸ್ವಭಾವ.

ಎದುರಾಳಿ

ಮಿನುಗುವಸ್ತುವೇ ಬೇಡವೆನ್ನುವವರೂ ಇದ್ದಾರೆ. ಕ್ಷ-ಕಿರಣವನ್ನು ಬೆಳಕಾಗಿ ಮಾಡಿ, ಬೆಳಕನ್ನು ವಿದ್ಯುತ್ತಾಗಿ ಮಾಡುವ ಸುತ್ತುದಾರಿಯೇಕೆ? ಕ್ಯಾಡ್ಮಿಯಂ ಟೆಲ್ಯುರೈಡಿನಂಥ ಅರೆವಾಹಕಗಳಲ್ಲಿ ಕಿರಣವು ನೇರವಾಗಿ ವಿದ್ಯುತ್ತಾಗುತ್ತದೆ. ಒಂದೊಂದು ಕಣವನ್ನೂ ಬೇರೆಬೇರೆಯಾಗಿ ಎಣಿಸಿ ಅದರ ಶಕ್ತಿಯನ್ನೂ ಬರೆದುಕೊಳ್ಳಬಹುದು. ಹುಂಡಿಗೆ ಬಿದ್ದ ನಾಣ್ಯವನ್ನು ಬೀಳುವಾಗಲೇ ನೋಡಿ ಬರೆದುಕೊಂಡಂತೆ. ಯುರೋಪಿನ ಸೆರ್ನ್ ಸಂಸ್ಥೆಯಲ್ಲಿ ಕಣಭೌತ ಪ್ರಯೋಗಗಳ ಅನುಭವದಿಂದ ಹುಟ್ಟಿದ ಮೆಡಿಪಿಕ್ಸ್ ಎಂಬ ಚಿಪ್ಪನ್ನು ಬಳಸಿ ನ್ಯೂಜಿಲೆಂಡಿನ ಫಿಲ್ ಮತ್ತು ಆಂಥೋನಿ ಬಟ್ಲರ್ ಎಂಬ ತಂದೆಮಕ್ಕಳು 2018ರಲ್ಲಿ ಮನುಷ್ಯದೇಹದ ಬಣ್ಣದ ಘನಚಿತ್ರವನ್ನು ತೆಗೆದರು. ಕಿರಣಕ್ಕೆ ಮೈಯೊಡ್ಡಿದವರು ತಂದೆ ಫಿಲ್ ಬಟ್ಲರ್. ಮಣಿಕಟ್ಟಿನ ಆ ಚಿತ್ರದಲ್ಲಿ ಎಲುಬು ಬಿಳಿ, ಮಾಂಸ ಕೆಂಪು. ಬರ್ತಾಳ ಉಂಗುರದಂತೆ ಇಲ್ಲಿಯೂ ಒಂದು ಆಭರಣವಿದೆ, ಅದು ಕೈಗಡಿಯಾರ. 2021ರ ಸೆಪ್ಟೆಂಬರಿನಲ್ಲಿ ಕಣ ಎಣಿಸುವ ಸಿ.ಟಿ. ಯಂತ್ರವೊಂದಕ್ಕೆ ಅಮೆರಿಕದ ಸರ್ಕಾರಿ ಒಪ್ಪಿಗೆಯೂ ದೊರೆಯಿತು.

ಹಾಗಾದರೆ ಮಿನುಗುವಸ್ತುವಿನ ಕಾಲ ಮುಗಿಯಿತೆ? ಮುಗಿದಂತೆ ತೋರುವುದಿಲ್ಲ. ದೋಷವಿಲ್ಲದ ದೊಡ್ಡ ಅರೆವಾಹಕ ಹರಳುಗಳನ್ನು ಬೆಳೆಸುವುದು ಕಷ್ಟ, ಬೆಲೆಯೂ ವಿಪರೀತ. ಮಿನುಗುವ ಪುಡಿಯನ್ನಾದರೋ ಎದೆಯಗಲದ ಹಾಳೆಯ ಮೇಲೆ ಬಳಿಯಬಹುದು, ಬಾಗುವ ಪ್ಲಾಸ್ಟಿಕ್ಕಿನಲ್ಲಿ ಕಲಸಿ ಎರಕ ಹೊಯ್ಯಬಹುದು. ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಣ್ಣದ ಚಿತ್ರ ಎಂದಾದರೂ ಬರುವುದಾದರೆ ಅಗ್ಗದ ಈ ದಾರಿಯಿಂದಲೇ ಬರುವ ಸಂಭವ ಹೆಚ್ಚು.

ಬಣ್ಣ ಎಂಬ ಮಾತಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಚಿತ್ರದಲ್ಲಿ ಕೆಂಪಾಗಿ ಕಾಣುವ ಕಲ್ಲನ್ನು ಹೊರತೆಗೆದು ನೋಡಿದರೆ ಅದು ಕೆಂಪಾಗಿರಬೇಕಾಗಿಲ್ಲ. ಭೂಪಟದಲ್ಲಿ ದೇಶಕ್ಕೊಂದು ಬಣ್ಣ ಹಚ್ಚುವಂತೆ ಧಾತುವಿಗೊಂದು ಬಣ್ಣವನ್ನು ಮನುಷ್ಯರೇ ಗೊತ್ತುಮಾಡಿದ್ದಾರೆ. ನಾಳೆ ಬೇರೊಂದು ಬಣ್ಣವನ್ನು ಗೊತ್ತುಮಾಡಿದರೂ ಲೆಕ್ಕ ತಪ್ಪುವುದಿಲ್ಲ. ಹೊಸ ಪದರಗಳ ಹೊಳಪಿನ ಬಣ್ಣ ನಿಜವಾದುದೇ ಆದರೂ ಅದು ಪದರದ ಬಣ್ಣ, ಎಲುಬಿನದಲ್ಲ.

ಹೊಸ ಹರಳುಗಳಲ್ಲಿ ಕೊರತೆಗಳೂ ಇವೆ. ಪೆರೋವ್‌ಸ್ಕೈಟ್ ಹರಳುಗಳಲ್ಲಿ ಹಲವು ತೇವವನ್ನು ತಾಳವು. ಮಳೆಗಾಲದ ಮಂಗಳೂರಿನಲ್ಲಿ ಬಿಗಿಯಾದ ಮುಚ್ಚಳವಿಲ್ಲದೆ ಅವು ಬಹುಕಾಲ ಉಳಿಯುವಂತಿಲ್ಲ. ಅವು ತಮ್ಮ ಬೆಳಕನ್ನು ತಾವೇ ಕೊಂಚ ನುಂಗಿಕೊಳ್ಳುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಅವುಗಳಲ್ಲಿ ಸೀಸವಿದೆ. ಒಡೆದ ಫಲಕವನ್ನು ಎಲ್ಲಿ ಬಿಸಾಡಬೇಕೆಂಬ ಪ್ರಶ್ನೆ ಏಳುತ್ತದೆ. ಸೀಸದ ಬದಲು ತಾಮ್ರವನ್ನೋ ಮ್ಯಾಂಗನೀಸನ್ನೋ ಇಟ್ಟು ತಯಾರಿಸಿದ ಹರಳುಗಳು ಈಗ ಹಲವು ಕಡೆ ಪರೀಕ್ಷೆಯಲ್ಲಿವೆ. ಸೀಸಿಯಂ, ತಾಮ್ರ, ಅಯೊಡಿನ್‌ಗಳಿಂದಾದ ಒಂದು ಹರಳು ನೀಲಿಯಾಗಿ ಸೊಗಸಾಗಿ ಹೊಳೆಯುತ್ತದೆ. ತನ್ನ ಬೆಳಕನ್ನು ತಾನು ನುಂಗುವ ದುರಭ್ಯಾಸವೂ ಅದಕ್ಕೆ ಬಹಳ ಕಡಿಮೆ. ಇತ್ತ ಆಸ್ಪತ್ರೆಗಳಲ್ಲಿ, ಎರಡು ಶಕ್ತಿಯ ಚಿತ್ರಗಳನ್ನು ಓದುವ ವೈದ್ಯರು ಬಣ್ಣದ ಚಿತ್ರದ ಪಕ್ಕದಲ್ಲಿ ಅದೇ ಹಳೆಯ ಕಪ್ಪುಬಿಳುಪಿನ ಚಿತ್ರವನ್ನೂ ಇಟ್ಟುಕೊಂಡು, ಎರಡನ್ನೂ ತಾಳೆನೋಡಿದ ಮೇಲೆಯೇ ವರದಿ ಬರೆಯುತ್ತಾರೆ.